ಸುಮ್ನೆ ಮಾತ್ರೆ

ನಮ್ಮ ಚಿಕ್ಕಮ್ಮನ ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಜಾಡಿಯ ಪಕ್ಕ, ಒಂದು ಸ್ಟೀಲ್ ಡಬ್ಬಿ ಇತ್ತು. ಅದರಲ್ಲಿ ಮೂರು ಬಗೆಯ ಮಾತ್ರೆ. ಶಾಲೆಯಲ್ಲಿ ಮಕ್ಕಳನ್ನು ಮುದ್ದಿನ ಹೆಸರಿಟ್ಟು ಕರೆಯುತ್ತಿದ್ದ ಹಾಗೆ ಚಿಕ್ಕಮ್ಮ ಅವಕ್ಕೂ ಹೆಸರಿಟ್ಟುಕೊಂಡಿದ್ದರು. ನುಂಗಿದ ಮುಕ್ಕಾಲು ಗಂಟೆಯೊಳಗೆ ಜೋತ ರೆಪ್ಪೆಯನ್ನು ಮೇಲೆತ್ತುತ್ತಿದ್ದದ್ದು ‘ಕಣ್ಣಿನ ಮಾತ್ರೆ’. ಮುಖ ದಪ್ಪವಾಗಿಸಿದ್ದು ‘ಊದೋ ಮಾತ್ರೆ’. ಮೂರನೆಯದು ತಿಂದರೂ ಏನೂ ತಿಳಿಯುತ್ತಿರಲಿಲ್ಲ, ಒಂದು ದಿನ ಮರೆತರೂ ಏನೂ ತಿಳಿಯುತ್ತಿರಲಿಲ್ಲ. ಅದು ‘ಸುಮ್ನೆ ಮಾತ್ರೆ’.

ಒಂದು ದೀಪಾವಳಿಯ ಹೊತ್ತಿಗೆ ಅವರು ಎರಡನೆಯದನ್ನೂ ಮೂರನೆಯದನ್ನೂ ಬಿಟ್ಟರು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅವರ ಕಡೆಯಿಂದ ನೋಡಿದರೆ ಕಾರಣಗಳು ಗಟ್ಟಿಯಾಗಿಯೇ ಇದ್ದವು. ಎರಡು ವರ್ಷದಿಂದ ಆರೋಗ್ಯ ಚೆನ್ನಾಗಿತ್ತು, ದಿನವಿಡೀ ಪಾಠ ಮಾಡಿದರೂ ದನಿ ಸೋಲುತ್ತಿರಲಿಲ್ಲ. ಆದರೆ ರಕ್ತದ ಸಕ್ಕರೆ ಏರುತ್ತಿತ್ತು. ಮದುವೆಮನೆಗಳಲ್ಲಿ ಕಂಡವರೆಲ್ಲ “ಇದೇನೇ ಹಿಂಗೆ ಊದ್ಕೊಂಡಿದ್ದೀಯ” ಎನ್ನುತ್ತಿದ್ದರು. “ಚೆನ್ನಾಗೇ ಇದ್ದೀನಲ್ಲ, ಇನ್ಯಾಕೆ ಇವೆಲ್ಲ?” ಎಂದು ತಮಗೆ ತಾವೇ ಕೇಳಿಕೊಂಡು ಡಬ್ಬಿಯಲ್ಲಿ ಕಣ್ಣಿನ ಮಾತ್ರೆಯೊಂದನ್ನೇ ಉಳಿಸಿಕೊಂಡರು.

ಮೊದಲ ವಾರ ತುಂಬ ಸುಸ್ತು, ವಾಕರಿಕೆ. ಹಬ್ಬದ ಕಜ್ಜಾಯ ಜಾಸ್ತಿಯಾಯಿತೆಂದು ಎಲ್ಲರೂ ಅಂದುಕೊಂಡರು. ಆಮೇಲೆ ಏನೂ ಆಗಲಿಲ್ಲ. ನವೆಂಬರ್ ಕಳೆಯಿತು, ಡಿಸೆಂಬರ್ ಕಳೆಯಿತು. ಸಂಕ್ರಾಂತಿಯ ಸಂಜೆ ಎಳ್ಳುಬೆಲ್ಲ ಅಗಿಯುತ್ತಿದ್ದ ಚಿಕ್ಕಮ್ಮ ನಡುವೆ ನಿಲ್ಲಿಸಿ, ಅಂಗೈಯಿಂದ ಗದ್ದವನ್ನು ಮೇಲೆತ್ತಿ ಹಿಡಿದುಕೊಂಡು, ಕೊಬ್ಬರಿಯ ಚೂರನ್ನು ಹಾಗೇ ನೀರಿನ ಜೊತೆ ನುಂಗಿದ್ದನ್ನು ನಾನು ಕಂಡೆ. ಕಂಡೂ ಅದರ ಅರ್ಥ ತಿಳಿಯಲಿಲ್ಲ. ಮರುವಾರ ನೆಗಡಿ, ಜ್ವರ. ಹತ್ತಿರದ ಕ್ಲಿನಿಕ್ಕಿನಲ್ಲಿ ಆ್ಯಂಟಿಬಯೋಟಿಕ್ ಕೊಟ್ಟರು. ತಮಗಿರುವ ಕಾಯಿಲೆಯನ್ನು ಚಿಕ್ಕಮ್ಮ ಅಲ್ಲಿ ಹೇಳಲಿಲ್ಲ, ಅವರೂ ಕೇಳಲಿಲ್ಲ. ಎರಡನೆಯ ರಾತ್ರಿ ಅವರಿಗೆ ಮಲಗಲಾಗಲಿಲ್ಲ. ಎದ್ದು ಕೂತರೆ ಮಾತ್ರ ಉಸಿರು. ಒಂದೊಂದು ಪದಕ್ಕೂ ನಿಂತು ನಿಂತು ಮಾತು. ಬೆಳಗಿನ ಜಾವ ಆಂಬುಲೆನ್ಸ್, ಬೆಂಗಳೂರು, ವೆಂಟಿಲೇಟರ್. ಹನ್ನೊಂದು ದಿನ.

ಮಾತ್ರೆ ಬಿಟ್ಟ ವಿಷಯ ಅಷ್ಟರಲ್ಲಿ ಮನೆಯವರಿಗೆ ತಿಳಿದಿತ್ತು. ಐಸಿಯು ಹೊರಗಿನ ಬೆಂಚಿನ ಮೇಲೆ ಚಿಕ್ಕಪ್ಪ ನನಗೆ ಹೇಳಿದ್ದು ಇಷ್ಟು: “ಮಾತ್ರೆ ಬಿಟ್ಟಿದ್ದಕ್ಕೆ ಆಗಿದ್ರೆ ಬಿಟ್ಟ ಮಾರನೇ ದಿನವೇ ಆಗ್ಬೇಕಿತ್ತಲ್ಲಪ್ಪ. ಹತ್ತು ವಾರ ಗಟ್ಟಿಮುಟ್ಟಾಗಿದ್ಲು. ಇದು ನೆಗಡಿಯಿಂದ್ಲೇ ಆಗಿದ್ದು.”

ಈ ಪ್ರಶ್ನೆ ಚಿಕ್ಕಪ್ಪನದೊಂದೇ ಅಲ್ಲ. ದೀರ್ಘಕಾಲದ ಕಾಯಿಲೆ ಇರುವ ಪ್ರತಿ ಮನೆಯಲ್ಲೂ ಇದನ್ನು ಯಾರಾದರೂ ಕೇಳಿರುತ್ತಾರೆ. ಬಿಟ್ಟರೂ ಏನೂ ಆಗಲಿಲ್ಲವಲ್ಲ? ಆ ಹತ್ತು ವಾರ ಮೈಯೊಳಗೆ ಏನು ನಡೆಯುತ್ತಿತ್ತು ಎಂಬುದೇ ಈ ಅಧ್ಯಾಯ.

ಸಂಜೆಗೆ ಸೋಲುವ ಮೈ

ಚಿಕ್ಕಮ್ಮನ ಕಾಯಿಲೆಯ ಹೆಸರು ಮಯಸ್ತೇನಿಯಾ ಗ್ರೇವಿಸ್. ಗ್ರೀಕ್ ಮತ್ತು ಲ್ಯಾಟಿನ್ ಬೆರೆತ ಈ ಹೆಸರಿಗೆ ‘ಸ್ನಾಯುಗಳ ತೀವ್ರ ದೌರ್ಬಲ್ಯ’ ಎಂದರ್ಥ. ಹಲವು ದೇಶಗಳ ಲೆಕ್ಕದಲ್ಲಿ ಲಕ್ಷ ಜನರಲ್ಲಿ ಹತ್ತಿಪ್ಪತ್ತು ಮಂದಿಗೆ ಇರುವ ಕಾಯಿಲೆ. ನಟ ಅಮಿತಾಭ್ ಬಚ್ಚನ್ ಅವರಿಗೆ 1980ರ ದಶಕದಲ್ಲಿ ಪತ್ತೆಯಾದಾಗ ಈ ಹೆಸರು ನಮ್ಮ ಪತ್ರಿಕೆಗಳಿಗೂ ಬಂದಿತ್ತು.

ಇದರ ಗುರುತು ಬರೀ ದೌರ್ಬಲ್ಯವಲ್ಲ, ಬಳಸಿದಷ್ಟೂ ಹೆಚ್ಚುವ ದೌರ್ಬಲ್ಯ. ಬೆಳಗ್ಗೆ ಎದ್ದಾಗ ಕಣ್ಣು ಪೂರ್ತಿ ತೆರೆದಿರುತ್ತದೆ, ಸಂಜೆಗೆ ರೆಪ್ಪೆ ಜೋಲುತ್ತದೆ. ಕಾಯಿಲೆಯ ಶುರುವಿನಲ್ಲಿ, ಮೊದಲ ಪೀರಿಯಡ್ಡಿನಲ್ಲಿ ಗಂಟೆ ಬಾರಿಸಿದಂತಿದ್ದ ಚಿಕ್ಕಮ್ಮನ ದನಿ ಕೊನೆಯ ಪೀರಿಯಡ್ಡಿಗೆ ಮೂಗಿನಿಂದ ಬರುತ್ತಿತ್ತು. ಹುಟ್ಟಿದಾಗಿನಿಂದ ರಾಗಿಮುದ್ದೆ ನುಂಗಿ ಬೆಳೆದವರು. ಒಂದು ರಾತ್ರಿ ಮೂರನೆಯ ತುತ್ತು ಗಂಟಲಲ್ಲೇ ನಿಂತಿತು. ಆಗಲೇ ಇದು ಬರೀ ಸುಸ್ತಲ್ಲ ಎಂದು ಮನೆಯವರಿಗೆ ಅನ್ನಿಸಿದ್ದು.

ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರಲ್ಲೇ ಇಂಥ ಒಬ್ಬ ಹೆಂಗಸಿನ ಬಗ್ಗೆ ಬರೆದಿದ್ದಾನೆ. ಆಕೆ ಬಹಳ ಹೊತ್ತು ಮಾತನಾಡಿದರೆ ಬಾಯಿ ಕಟ್ಟಿಹೋಗುತ್ತಿತ್ತು, ಒಂದೆರಡು ಗಂಟೆಯ ಮೇಲೆ ಮಾತು ತಾನಾಗಿ ಮರಳುತ್ತಿತ್ತು. ದಣಿದು ಸೋತು, ವಿಶ್ರಾಂತಿಯಿಂದ ಚೇತರಿಸಿಕೊಳ್ಳುವ ಈ ಗುಣಕ್ಕೆ ಕಾರಣ ತಿಳಿಯಲು ಮುಂದೆ ಮುನ್ನೂರು ವರ್ಷ ಬೇಕಾಯಿತು.

ನರ ಕಳಿಸುವ ಓಲೆ

ಮಿದುಳಿನ ಅಪ್ಪಣೆ ನರದ ಮೂಲಕ ಸ್ನಾಯುವಿನ ತನಕ ವಿದ್ಯುತ್ತಾಗಿ ಬರುತ್ತದೆ. ಆದರೆ ನರ ಸ್ನಾಯುವಿಗೆ ಅಂಟಿಕೊಂಡಿರುವುದಿಲ್ಲ. ನಡುವೆ ತಲೆಗೂದಲಿನ ದಪ್ಪದ ಸಾವಿರದ ಒಂದು ಪಾಲಿನಷ್ಟು ಸಂದು. ಆ ಸಂದನ್ನು ವಿದ್ಯುತ್ತು ದಾಟಲಾರದು. ಅದಕ್ಕೆ ನರದ ತುದಿ ಒಂದು ರಾಸಾಯನಿಕವನ್ನು ಸುರಿಯುತ್ತದೆ. ಅದರ ಹೆಸರು ಅಸಿಟೈಲ್‌ಕೋಲಿನ್. ನಾವಿಲ್ಲಿ ‘ಓಲೆ’ ಎಂದು ಕರೆಯೋಣ. ಓಲೆಗಳು ಸಾವಿರಾರು ಸಂಖ್ಯೆಯಲ್ಲಿ ಒಂದೊಂದು ಪೊಟ್ಟಣದಲ್ಲಿರುತ್ತವೆ, ಅಪ್ಪಣೆ ಬಂದಾಗ ಪೊಟ್ಟಣಗಳು ಒಟ್ಟೊಟ್ಟಿಗೆ ಒಡೆಯುತ್ತವೆ. ಪೊಟ್ಟಣಗಳ ಈ ಲೆಕ್ಕವನ್ನು ಲಂಡನ್ನಿನಲ್ಲಿ ಬಿಡಿಸಿದ ಬರ್ನಾರ್ಡ್ ಕಾಟ್ಜ್‌ಗೆ 1970ರಲ್ಲಿ ನೊಬೆಲ್ ಬಂತು.

ಸಂದಿನ ಆಚೆ ದಡದಲ್ಲಿ, ಸ್ನಾಯುವಿನ ಮೈಮೇಲೆ, ಓಲೆ ಕೂರಲು ಗೂಡುಗಳಿವೆ. ಇವು ಗ್ರಾಹಕಗಳು. ಸಾಕಷ್ಟು ಗೂಡುಗಳಲ್ಲಿ ಓಲೆ ಕೂತರೆ ಸ್ನಾಯು ಸೆಳೆಯುತ್ತದೆ. ಕೂತ ಓಲೆ ಅಲ್ಲೇ ಉಳಿದರೆ ಸ್ನಾಯು ಸಡಿಲಲಾರದು. ಆದ್ದರಿಂದ ಸಂದಿನಲ್ಲಿ ಒಂದು ಕಿಣ್ವ ಕಸ ಗುಡಿಸುವಂತೆ ಓಲೆಗಳನ್ನು ಒಡೆದು ಹಾಕುತ್ತಲೇ ಇರುತ್ತದೆ. ಅದರ ಒಂದೊಂದು ಅಣುವೂ ಸೆಕೆಂಡಿಗೆ ಸಾವಿರಾರು ಓಲೆಗಳನ್ನು ಒಡೆಯಬಲ್ಲದು. ಇದನ್ನು ‘ಗುಡಿಸುವ ಕಿಣ್ವ’ ಎನ್ನೋಣ.

ನಾಗರಹಾವು ಕಚ್ಚಿದವರನ್ನು ಕಂಡ ಹಳ್ಳಿಯವರಿಗೆ ಗೊತ್ತು, ಮೊದಲು ರೆಪ್ಪೆ ಜೋಲುತ್ತದೆ, ಆಮೇಲೆ ಮಾತು ತೊದಲುತ್ತದೆ, ಕೊನೆಗೆ ಉಸಿರು. ನಾಗರಹಾವಿನ ವಿಷ ಹೋಗಿ ಕೂರುವುದು ಇದೇ ಗೂಡುಗಳಲ್ಲಿ. ಓಲೆ ಬಂದರೂ ಕೂರಲು ಜಾಗವಿಲ್ಲ. ಚಿಕ್ಕಮ್ಮನ ಸಂಜೆಗೂ ಹಾವು ಕಚ್ಚಿದವರ ರಾತ್ರಿಗೂ ಇರುವ ಹೋಲಿಕೆ ಕಾಕತಾಳೀಯವಲ್ಲ. ತೊಂದರೆ ಆಗಿರುವುದು ಒಂದೇ ಜಾಗದಲ್ಲಿ.

ಕೆರೆಯ ನೀರು, ತೂಬಿನ ಮಟ್ಟ

ಈಗ ಮುಖ್ಯ ವಿಷಯಕ್ಕೆ ಬರೋಣ. ಚಿಕ್ಕಮ್ಮನ ಊರು ತುಮಕೂರು ಜಿಲ್ಲೆಯದು, ಕೆರೆಯ ಕೆಳಗಿನ ಊರು. ಅಲ್ಲಿಯವರಿಗೆ ಕೆರೆಯ ಲೆಕ್ಕ ಹೇಳಿಕೊಡಬೇಕಿಲ್ಲ. ಕೆರೆಯಲ್ಲಿ ನೀರು ತೂಬಿನ ಮೇಲೆ ಒಂದಾಳು ಇರಲಿ, ಎರಡಾಳು ಇರಲಿ, ಕಾಲುವೆಯಲ್ಲಿ ನೀರು ಹರಿಯುತ್ತದೆ. ಕಾಲುವೆಯ ಕೊನೆಯ ಗದ್ದೆಯಲ್ಲಿ ನಿಂತವನಿಗೆ ಹರಿಯುವ ನೀರು ಕಾಣುತ್ತದೆಯೇ ಹೊರತು ಕೆರೆ ಎಷ್ಟು ತುಂಬಿದೆ ಎಂಬುದು ಕಾಣುವುದಿಲ್ಲ. ಕೆರೆ ಬತ್ತುತ್ತಾ ಬಂದರೂ ಅವನ ಗದ್ದೆಗೆ ನೀರು ಬರುತ್ತಲೇ ಇರುತ್ತದೆ. ಮಟ್ಟ ತೂಬಿಗಿಂತ ಕೆಳಗಿಳಿದ ದಿನ ಮಾತ್ರ ಕಾಲುವೆ ಒಣಗುತ್ತದೆ. ಅವನಿಗೆ ಅದು ದಿಢೀರನೆ ಆದಂತೆ ತೋರುತ್ತದೆ.

ನರ ಮತ್ತು ಸ್ನಾಯುವಿನ ನಡುವೆಯೂ ಇಂಥ ಮಿಗತೆ ಇದೆ. ಆರೋಗ್ಯವಂತರಲ್ಲಿ ನರ ಒಂದು ಬಾರಿಗೆ ಸುರಿಯುವ ಓಲೆ, ಅದನ್ನು ಹಿಡಿಯುವ ಗೂಡು, ಎರಡೂ ಸ್ನಾಯು ಸೆಳೆಯಲು ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತವೆ. ನಾವು ಮೆಟ್ಟಿಲು ಹತ್ತುವಾಗ ನರ ಒಂದೇ ಸಮನೆ ಅಪ್ಪಣೆ ಕಳಿಸುತ್ತದೆ. ಪ್ರತಿ ಸಲವೂ ಸುರಿಯುವ ಓಲೆಗಳು ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಾ ಹೋಗುತ್ತವೆ, ಏಕೆಂದರೆ ಸಿದ್ಧ ಪೊಟ್ಟಣಗಳು ಮುಗಿದು ಹೊಸವು ಬರಬೇಕು. ಇದು ಎಲ್ಲರಲ್ಲೂ ಆಗುತ್ತದೆ. ಮಿಗತೆ ಇರುವವರಿಗೆ ಗೊತ್ತಾಗುವುದಿಲ್ಲ.

ಮಿಗತೆ ಇಲ್ಲದವರಿಗೆ ಇದೇ ಕಾಯಿಲೆ. ಬೆಳಗ್ಗೆ ಮಟ್ಟ ತೂಬಿಗಿಂತ ಒಂದು ಗೇಣು ಮೇಲಿದೆ, ರೆಪ್ಪೆ ತೆರೆದಿದೆ. ಸಂಜೆಗೆ ಬಳಸಿ ಬಳಸಿ ಒಂದು ಗೇಣು ಇಳಿಯಿತು, ರೆಪ್ಪೆ ಜೋತಿತು. ನಿದ್ದೆ ಮಾಡಿದರೆ ಪೊಟ್ಟಣಗಳು ಮತ್ತೆ ತುಂಬುತ್ತವೆ, ಮಟ್ಟ ಏರುತ್ತದೆ. ವಿಲ್ಲಿಸ್ ಕಂಡ ಹೆಂಗಸಿನ ಮಾತು ಹೋಗಿ ಮರಳುತ್ತಿದ್ದದ್ದು ಹೀಗೆ.

ಏರಿಯಲ್ಲಿ ಏಡಿಯ ಬಿಲ

ಕೆರೆಯನ್ನು ಬರಿದು ಮಾಡುತ್ತಿರುವುದು ಯಾವುದು? ಇದಕ್ಕೆ ಉತ್ತರ ಸಿಕ್ಕಿದ್ದು 1973ರಲ್ಲಿ, ಎರಡು ಕಡೆಯಿಂದ.

ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯಲ್ಲಿ ಜಿಮ್ ಪ್ಯಾಟ್ರಿಕ್ ಮತ್ತು ಜಾನ್ ಲಿಂಡ್‌ಸ್ಟ್ರಾಮ್ ಎಂಬ ಇಬ್ಬರು ಈ ಗೂಡುಗಳನ್ನು ಅಧ್ಯಯನ ಮಾಡುತ್ತಿದ್ದರು. ಅವು ದಂಡಿಯಾಗಿ ಸಿಗುವುದು ವಿದ್ಯುತ್ ಈಲ್ ಮೀನಿನಲ್ಲಿ. ಮೀನಿನಿಂದ ಗೂಡುಗಳನ್ನು ಶುದ್ಧೀಕರಿಸಿ ಮೊಲಗಳಿಗೆ ಚುಚ್ಚಿದರು. ಗೂಡುಗಳ ವಿರುದ್ಧ ಪ್ರತಿಕಾಯ ಪಡೆಯುವುದಷ್ಟೇ ಅವರ ಉದ್ದೇಶ. ಮೊಲಗಳು ಸ್ನಾಯುಬಲ ಕಳೆದುಕೊಂಡು ಬಿದ್ದವು. ಮೀನಿನ ಗೂಡಿನ ಮೇಲೆ ಹುಟ್ಟಿದ ಪ್ರತಿಕಾಯ ಮೊಲದ ಸ್ವಂತ ಗೂಡುಗಳನ್ನೂ ಹಾಳುಮಾಡಿತ್ತು. ಮಯಸ್ತೇನಿಯಾದವರಿಗೆ ಕೊಡುವಂಥ ಔಷಧವನ್ನೇ ಕೊಟ್ಟಾಗ ಮೊಲಗಳು ಚೇತರಿಸಿಕೊಂಡವು.

ಅದೇ ವರ್ಷ ಅಮೆರಿಕದ ಇನ್ನೊಂದು ತುದಿಯ ಬಾಲ್ಟಿಮೋರ್‌ನಲ್ಲಿ ಡಗ್ಲಾಸ್ ಫ್ಯಾಂಬ್ರೊ, ಡೇನಿಯಲ್ ಡ್ರಾಕ್‌ಮನ್ ಮತ್ತು ಸಂಗಡಿಗರು ರೋಗಿಗಳ ಸ್ನಾಯುವಿನಲ್ಲಿ ಗೂಡುಗಳನ್ನು ನೇರವಾಗಿ ಎಣಿಸಿದರು. ಎಣಿಸಲು ಬಳಸಿದ್ದು ತೈವಾನ್ ಕಡೆಯ ಕಟ್ಟುಹಾವಿನ ಜಾತಿಯೊಂದರ ವಿಷದ ಅಂಶ. ಅದು ಗೂಡಿಗೆ ಅಂಟಿದರೆ ಬಿಡುವುದಿಲ್ಲ, ಆದ್ದರಿಂದ ಅಂಟಿದ್ದನ್ನು ಎಣಿಸಿದರೆ ಗೂಡಿನ ಲೆಕ್ಕ ಸಿಗುತ್ತದೆ. ರೋಗಿಗಳಲ್ಲಿ ಉಳಿದಿದ್ದ ಗೂಡುಗಳು ಆರೋಗ್ಯವಂತರ ಮೂರನೇ ಒಂದು ಪಾಲಿಗಿಂತ ಕಡಿಮೆ. ಕೊಲ್ಲುವ ವಿಷವನ್ನೇ ಅಳತೆಗೋಲಾಗಿ ಮಾಡಿಕೊಂಡ ಈ ಪ್ರಯೋಗ ನನಗೆ ಈ ಕಥೆಯಲ್ಲೇ ಅತಿ ಸೊಗಸಿನದೆನಿಸುತ್ತದೆ.

ಹೀಗೆ ವಿಷಯ ಸ್ಪಷ್ಟವಾಯಿತು. ಸೋಂಕಿನ ವಿರುದ್ಧ ಹೋರಾಡಬೇಕಾದ ಪ್ರತಿಕಾಯಗಳು ತಮ್ಮದೇ ದೇಹದ ಗೂಡುಗಳ ಮೇಲೆ ತಿರುಗಿ ಬಿದ್ದಿವೆ. ದೇಹವೆಲ್ಲ ಸೋತವರಲ್ಲಿ ನೂರಕ್ಕೆ ಸುಮಾರು 85 ಮಂದಿಯ ರಕ್ತದಲ್ಲಿ ಈ ಪ್ರತಿಕಾಯ ಸಿಗುತ್ತದೆ. ಸ್ನಾಯು ಸುಮ್ಮನಿರುವುದಿಲ್ಲ, ಹೊಸ ಗೂಡುಗಳನ್ನು ಕಟ್ಟುತ್ತಲೇ ಇರುತ್ತದೆ. ಕೆರೆಗೆ ಹಳ್ಳದ ನೀರು ಬರುತ್ತಲೇ ಇದೆ, ಆದರೆ ಏರಿಯ ತುಂಬ ಏಡಿ ಕೊರೆದ ಬಿಲ. ಬರುವುದಕ್ಕಿಂತ ಸೋರುವುದು ಹೆಚ್ಚು.

ಏತ

ತೂಬಿಗಿಂತ ಕೆಳಗಿಳಿದ ನೀರನ್ನು ಹಿಂದಿನವರು ಏತದಿಂದ ಎತ್ತಿ ಕಾಲುವೆಗೆ ಸುರಿಯುತ್ತಿದ್ದರು. ಏತ ಹೊಡೆಯುವಷ್ಟು ಹೊತ್ತು ಗದ್ದೆಗೆ ನೀರು. ನಿಲ್ಲಿಸಿದರೆ ಇಲ್ಲ. ಕೆರೆಗೆ ಅದರಿಂದ ಒಂದು ತೊಟ್ಟು ನೀರೂ ಸೇರುವುದಿಲ್ಲ. ಚಿಕ್ಕಮ್ಮನ ‘ಕಣ್ಣಿನ ಮಾತ್ರೆ’ ಪಿರಿಡೋಸ್ಟಿಗ್ಮಿನ್ ಮಾಡುವುದು ಇದನ್ನೇ.

ಇದರ ಹಿಂದೆ ಮೇರಿ ವಾಕರ್ ಎಂಬ ವೈದ್ಯೆ ಇದ್ದಾರೆ. ಲಂಡನ್ನಿನ ಗ್ರೀನಿಚ್‌ನ ಸೇಂಟ್ ಆಲ್ಫೆಜ್ ಆಸ್ಪತ್ರೆಯಲ್ಲಿ ಕೆಲಸ. ಬಾಣದ ತುದಿಗೆ ಹಚ್ಚುವ ದಕ್ಷಿಣ ಅಮೆರಿಕದ ಕ್ಯೂರಾರೆ ವಿಷ ತಗುಲಿದವರಂತೆಯೇ ಮಯಸ್ತೇನಿಯಾ ರೋಗಿಗಳು ಕಾಣುತ್ತಾರೆಂಬುದು ಅವರ ಗಮನಕ್ಕೆ ಬಂತು. ಕ್ಯೂರಾರೆಗೆ ಪ್ರತಿಮದ್ದಾಗಿ ಕೆಲಸ ಮಾಡುವ ಫೈಸೋಸ್ಟಿಗ್ಮಿನ್ ಎಂಬ ಔಷಧವನ್ನು ಒಬ್ಬ ರೋಗಿಗೆ ಚುಚ್ಚಿದರು. ಜೋತ ರೆಪ್ಪೆ ಮೇಲೆದ್ದಿತು, ಕೈ ಮೇಲೆದ್ದಿತು, ಕೆಲವು ಗಂಟೆಯ ಮೇಲೆ ಮತ್ತೆ ಇಳಿಯಿತು. 1934ರ ಜೂನ್‌ನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಗೆ ಒಂದು ಚಿಕ್ಕ ಪತ್ರ ಬರೆದು ತಿಳಿಸಿದರು. ಇವತ್ತಿನ ಪಿರಿಡೋಸ್ಟಿಗ್ಮಿನ್ ಆ ಔಷಧದ ಮನೆತನದ್ದೇ.

ಈ ಮಾತ್ರೆ ಗುಡಿಸುವ ಕಿಣ್ವದ ಕೈ ಹಿಡಿಯುತ್ತದೆ. ಓಲೆಗಳು ಸ್ವಲ್ಪ ಹೊತ್ತು ಹೆಚ್ಚಿಗೆ ಉಳಿಯುತ್ತವೆ, ಅಳಿದುಳಿದ ಗೂಡುಗಳಲ್ಲೇ ಮತ್ತೆ ಮತ್ತೆ ಕೂರುತ್ತವೆ. ಪರಿಣಾಮ ಮೂರು ನಾಲ್ಕು ಗಂಟೆ. ಜೋತ ರೆಪ್ಪೆಯ ಮೇಲೆ ಎರಡು ನಿಮಿಷ ಐಸ್ ಇಟ್ಟರೂ ರೆಪ್ಪೆ ಕೊಂಚ ಏಳುತ್ತದೆ. ತಂಪಿಗೆ ಆ ಕಿಣ್ವ ನಿಧಾನವಾಗುವುದು ಅದಕ್ಕೆ ಒಂದು ಕಾರಣ, ವೈದ್ಯರು ಇದನ್ನು ಪರೀಕ್ಷೆಯಾಗಿಯೂ ಬಳಸುತ್ತಾರೆ. ನಾಗರಹಾವು ಕಚ್ಚಿದವರಿಗೆ ಪ್ರತಿವಿಷದ ಜೊತೆ ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ನಿಯೋಸ್ಟಿಗ್ಮಿನ್ ಚುಚ್ಚುಮದ್ದೂ ಇದೇ ಗುಂಪಿನದು.

ಇದಕ್ಕೊಂದು ಮಿತಿಯಿದೆ. ಬೆಳೆಗೆ ಹೊಡೆಯುವ ಕೆಲವು ಕೀಟನಾಶಕಗಳು ಇದೇ ಕಿಣ್ವವನ್ನು ಪೂರ್ತಿ ಕಟ್ಟಿಹಾಕುತ್ತವೆ. ಅವು ಮೈಗೆ ಹೋದವರ ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಸ್ನಾಯುಗಳಲ್ಲಿ ಅದುರು ಬರುವುದನ್ನು ರೈತ ಕುಟುಂಬಗಳು ಬಲ್ಲವು. ಕಣ್ಣಿನ ಮಾತ್ರೆಯನ್ನು ವಿಪರೀತ ಹೆಚ್ಚಿಸಿದರೂ ಹೀಗೇ ಆಗುತ್ತದೆ, ಸ್ನಾಯು ಇನ್ನಷ್ಟು ಸೋಲುತ್ತದೆ. ಡಿಸೆಂಬರ್‌ನಲ್ಲಿ ಚಿಕ್ಕಮ್ಮ ದಿನಕ್ಕೆ ಮೂರರ ಬದಲು ನಾಲ್ಕು, ಐದು ನುಂಗುತ್ತಿದ್ದರೆಂದು ಆಮೇಲೆ ಖಾಲಿ ಪಟ್ಟಿಗಳನ್ನು ಎಣಿಸಿದಾಗ ತಿಳಿಯಿತು. ಏತವನ್ನು ಹೆಚ್ಚು ಹೊತ್ತು ಹೊಡೆಯಬೇಕಾಗಿ ಬಂದಿತ್ತು. ಕೆರೆ ಇಳಿಯುತ್ತಿರುವುದಕ್ಕೆ ಅದೇ ಗುರುತು. ಅದನ್ನು ಓದಲು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ.

ನೀರುಗಂಟಿಯ ಕೆಲಸ

ಹಳೆಯ ಮೈಸೂರು ಸೀಮೆಯ ಕೆರೆಗಳಿಗೆಲ್ಲ ಒಬ್ಬ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವುದು, ಇಳಿಸುವುದು, ಏರಿಯ ಮೇಲೆ ನಡೆದು ಎಲ್ಲಿ ಜಿನುಗುತ್ತಿದೆ ನೋಡುವುದು, ಬಿಲ ಕಂಡರೆ ಮುಚ್ಚುವುದು ಅವನ ಕೆಲಸ. ಕೆಲಸ ಸರಿಯಾಗಿ ನಡೆದ ವರ್ಷ ಅವನಿದ್ದಾನೆಂದು ಯಾರಿಗೂ ನೆನಪಾಗುತ್ತಿರಲಿಲ್ಲ.

ಚಿಕ್ಕಮ್ಮ ಬಿಟ್ಟ ಎರಡು ಮಾತ್ರೆಗಳು ನೀರುಗಂಟಿಗಳು. ‘ಊದೋ ಮಾತ್ರೆ’ ಪ್ರೆಡ್ನಿಸೊಲೋನ್, ಸ್ಟೀರಾಯ್ಡ್. ‘ಸುಮ್ನೆ ಮಾತ್ರೆ’ ಅಜಾಥಯೋಪ್ರಿನ್. ಎರಡೂ ಪ್ರತಿಕಾಯ ತಯಾರಿಸುವ ರಕ್ಷಣಾ ಕೋಶಗಳನ್ನು ಹದ್ದುಬಸ್ತಿನಲ್ಲಿಡುತ್ತವೆ. ಸ್ಟೀರಾಯ್ಡಿನ ಗುಣ ಕಾಣಲು ವಾರಗಳು ಬೇಕು, ಶುರುವಿನ ಒಂದೆರಡು ವಾರ ಕೆಲವರಿಗೆ ಕಾಯಿಲೆ ತುಸು ಹೆಚ್ಚುವುದೂ ಉಂಟು. ಅಜಾಥಯೋಪ್ರಿನ್ ಇನ್ನೂ ನಿಧಾನ. ಅದು ಹೊಸದಾಗಿ ಹುಟ್ಟುವ ಕೋಶಗಳ ಮೇಲೆ ಕೆಲಸ ಮಾಡುತ್ತದೆ, ಗುಣ ಕಾಣಲು ಆರು ತಿಂಗಳಿಂದ ಒಂದು ವರ್ಷ, ಒಮ್ಮೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಇಷ್ಟು ನಿಧಾನವಾದದ್ದನ್ನು ಮೈ ಹೇಗೆ ತಾನೇ ಗುರುತಿಸೀತು? ಬೆಳಗ್ಗೆ ನುಂಗಿ ಮಧ್ಯಾಹ್ನಕ್ಕೆ ಫಲ ಕಾಣುವ ಮಾತ್ರೆಯನ್ನು ನಂಬುವಷ್ಟು ಸುಲಭವಾಗಿ ಇದನ್ನು ನಂಬಲಾಗದು. ಹಾಗಾಗಿ ಚಿಕ್ಕಮ್ಮನ ಡಬ್ಬಿಯಲ್ಲಿ ಅನುಭವಕ್ಕೆ ಬರುವ ಮಾತ್ರೆ ಉಳಿಯಿತು. ಏರಿ ಕಾಯುತ್ತಿದ್ದ ಮಾತ್ರೆಗಳು ಹೋದವು.

ಬರುವಾಗ ನಿಧಾನವಾದದ್ದು ಹೋಗುವಾಗಲೂ ನಿಧಾನ. ಚಿಕ್ಕಪ್ಪನ ಪ್ರಶ್ನೆಗೆ ಉತ್ತರ ಇಲ್ಲಿದೆ. ಮಾತ್ರೆ ನಿಂತ ದಿನ ಕೆರೆ ತುಂಬಿಯೇ ಇತ್ತು. ಎರಡು ವರ್ಷ ಬಿಲ ಮುಚ್ಚಿಟ್ಟಿದ್ದರಿಂದ ಗೂಡುಗಳು ಮತ್ತೆ ಬೆಳೆದಿದ್ದವು. ಹದ್ದುಬಸ್ತಿನಲ್ಲಿದ್ದ ಕೋಶಗಳು ಒಮ್ಮೆಲೇ ಏಳಲಿಲ್ಲ, ಮೆಲ್ಲಗೆ ಹೆಚ್ಚಿದವು. ಅವು ಮಾಡುವ ಪ್ರತಿಕಾಯ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಮೂರು ವಾರ ಬೇಕು, ಆದ್ದರಿಂದ ಇವತ್ತು ಮಾಡಿದ್ದು ನಿನ್ನೆಯದರ ಮೇಲೆ ಕೂಡುತ್ತಾ ಹೋಯಿತು. ಪ್ರತಿಕಾಯ ಅಂಟಿದ ಗೂಡುಗಳ ಆಯಸ್ಸು ಕುಗ್ಗಿತು. ವಾರಗಟ್ಟಲೆ ಬಾಳಬೇಕಾದವು ಕೆಲವೇ ದಿನಗಳಲ್ಲಿ ಕರಗತೊಡಗಿದವು. ಗೂಡುಗಳಿರುವ ಸ್ನಾಯುವಿನ ಮಡಿಕೆಗಳೇ ಸವೆದವು. ಮಟ್ಟ ಇಳಿಯುತ್ತಿತ್ತು, ಆದರೆ ತೂಬಿಗಿಂತ ಮೇಲಿತ್ತು. ಕಾಲುವೆಯಲ್ಲಿ ನೀರಿತ್ತು. ಅದನ್ನೇ ನಾವು “ಹತ್ತು ವಾರ ಏನೂ ಆಗಲಿಲ್ಲ” ಎಂದದ್ದು.

ಸಂಕ್ರಾಂತಿಯಂದು ದವಡೆಯ ಸ್ನಾಯುವಿನಲ್ಲಿ ಮಟ್ಟ ತೂಬು ಮುಟ್ಟಿತು. ಜ್ವರ ಬಂದಾಗ ಉಳಿದಿದ್ದ ಮಿಗತೆಯೂ ಹೋಯಿತು. ಸೋಂಕು ಈ ಕಾಯಿಲೆಯನ್ನು ಕೆದಕುವ ಮುಖ್ಯ ಕಾರಣಗಳಲ್ಲೊಂದು. ಅದರ ಮೇಲೆ ಕೆಲವು ಆ್ಯಂಟಿಬಯೋಟಿಕ್‌ಗಳು ನರ ಮತ್ತು ಸ್ನಾಯುವಿನ ಸಂವಹನಕ್ಕೇ ಅಡ್ಡ ಬರುತ್ತವೆ. ಸಿಪ್ರೊಫ್ಲಾಕ್ಸಸಿನ್ ಇರುವ ಗುಂಪಿನ ಔಷಧಗಳ ಮೇಲೆ ಮಯಸ್ತೇನಿಯಾದವರಿಗೆಂದೇ ಅತಿ ಗಂಭೀರ ದರ್ಜೆಯ ಎಚ್ಚರಿಕೆ ಮುದ್ರಿಸಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲಿ ಆದೇಶಿಸಿತು. ಅಜಿತ್ರೊಮೈಸಿನ್, ಜೆಂಟಾಮೈಸಿನ್, ಮೆಗ್ನೀಷಿಯಂ ಚುಚ್ಚುಮದ್ದು, ಬಿಪಿಗೆ ಕೊಡುವ ಕೆಲವು ಮಾತ್ರೆಗಳು, ಮಲೇರಿಯಾದ ಕ್ವಿನೈನ್, ಇವುಗಳ ಬಗ್ಗೆಯೂ ಎಚ್ಚರ ಬೇಕು. ಆದ್ದರಿಂದ ಚಿಕ್ಕಪ್ಪ ಹೇಳಿದ್ದು ಅರ್ಧ ನಿಜ. ನೆಗಡಿ ಕೊನೆಯ ಗೇಣನ್ನು ಇಳಿಸಿತು. ಹಿಂದಿನ ವರ್ಷವೂ ಚಿಕ್ಕಮ್ಮನಿಗೆ ಅಂಥದೇ ನೆಗಡಿ ಬಂದಿತ್ತು, ಕೆರೆ ತುಂಬಿತ್ತು, ಏನೂ ಆಗಿರಲಿಲ್ಲ.

ಆರಿದ ಒಲೆ

ಮೊದಲ ವಾರದ ಸುಸ್ತು, ವಾಕರಿಕೆ ಏನು? ಅದು ಕಜ್ಜಾಯದ್ದಲ್ಲ, ಮಯಸ್ತೇನಿಯಾದ್ದೂ ಅಲ್ಲ.

ನಮ್ಮ ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು ದಿನವೂ ಕಾರ್ಟಿಸಾಲ್ ಎಂಬ ಸ್ಟೀರಾಯ್ಡನ್ನು ತಯಾರಿಸುತ್ತವೆ. ರಕ್ತದ ಒತ್ತಡ, ಸಕ್ಕರೆ, ಜ್ವರ ತಾಳುವ ಶಕ್ತಿ ಎಲ್ಲಕ್ಕೂ ಅದು ಬೇಕು. ಹೊರಗಿನಿಂದ ಪ್ರೆಡ್ನಿಸೊಲೋನ್ ದಿನವೂ ಬರುತ್ತಿದ್ದರೆ, ‘ಸಾಕಷ್ಟಿದೆ’ ಎಂದುಕೊಂಡು ಮಿದುಳು ಈ ಗ್ರಂಥಿಗಳಿಗೆ ಅಪ್ಪಣೆ ಕಳಿಸುವುದನ್ನು ಕಡಿಮೆ ಮಾಡುತ್ತದೆ. ದಿನವೂ ಹೊರಗಿನಿಂದ ಕ್ಯಾರಿಯರ್ ಊಟ ಬರುವ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಸೌದೆ ನೆನೆದಿರುತ್ತದೆ, ಒಲೆಯಲ್ಲಿ ಬೂದಿ ತುಂಬಿರುತ್ತದೆ. ಒಂದು ದಿನ ದಿಢೀರನೆ ಕ್ಯಾರಿಯರ್ ನಿಂತರೆ ಅವತ್ತೇ ಅಡುಗೆ ಆಗುವುದಿಲ್ಲ.

ಮೂರು ನಾಲ್ಕು ವಾರಕ್ಕಿಂತ ಹೆಚ್ಚು ಕಾಲ ಸ್ಟೀರಾಯ್ಡ್ ತೆಗೆದುಕೊಂಡ ಯಾರಿಗೇ ಆದರೂ ಈ ಅಪಾಯವಿದೆ. ಆಸ್ತಮಾ, ಸಂಧಿವಾತ, ಚರ್ಮದ ಕಾಯಿಲೆ, ಯಾವುದಕ್ಕೇ ತೆಗೆದುಕೊಂಡಿರಲಿ. ಡುಶೇನ್ ಎಂಬ ಸ್ನಾಯುಕ್ಷಯದ ಮಕ್ಕಳಿಗೂ ವರ್ಷಗಟ್ಟಲೆ ಸ್ಟೀರಾಯ್ಡ್ ಕೊಡುತ್ತಾರೆ, ಅವರ ತಂದೆತಾಯಿಗಳು ಇದನ್ನು ಅಗತ್ಯವಾಗಿ ತಿಳಿದಿರಬೇಕು. ಥಟ್ಟನೆ ಬಿಟ್ಟರೆ ಸುಸ್ತು, ವಾಂತಿ, ಎದ್ದು ನಿಂತಾಗ ತಲೆ ಸುತ್ತು. ಅದೇ ಹೊತ್ತಿಗೆ ಜ್ವರವೋ ಅಪಘಾತವೋ ಆದರೆ ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ಗ್ರಂಥಿಗಳು ಮೊದಲಿನಂತಾಗಲು ತಿಂಗಳುಗಳೇ ಬೇಕು. ಚಿಕ್ಕಮ್ಮನ ಪ್ರಮಾಣ ಆಗ ಕಡಿಮೆಯಿತ್ತು, ದಿನಕ್ಕೆ 10 ಮಿಲಿಗ್ರಾಂ. ಒಲೆ ಹೇಗೋ ಹೊಗೆಯಾಡುತ್ತಾ ಹತ್ತಿಕೊಂಡಿತು. ಅದು ಅವರ ಪುಣ್ಯ.

ಬಿಡಬೇಕೆನ್ನಿಸಿದರೆ

ಚಿಕ್ಕಮ್ಮನಿಗೆ ಮಾತ್ರೆ ಬಿಡುವ ಮನಸ್ಸಾದದ್ದು ತಪ್ಪೆಂದು ನಾನು ಹೇಳಲಾರೆ. ಸಕ್ಕರೆ ಏರುವುದು ನಿಜ, ಮೂಳೆ ಸವೆಯುವುದು ನಿಜ, ಕನ್ನಡಿಯಲ್ಲಿ ಬೇರೆಯವರ ಮುಖ ಕಾಣುವ ಸಂಕಟವೂ ನಿಜ. ವೈದ್ಯರ ಗುರಿಯೂ ಪ್ರಮಾಣ ಇಳಿಸುವುದೇ. ‘ಸುಮ್ನೆ ಮಾತ್ರೆ’ಯನ್ನು ಕೊಟ್ಟದ್ದೇ ‘ಊದೋ ಮಾತ್ರೆ’ಯನ್ನು ಕಡಿಮೆ ಮಾಡಲೆಂದು. ಕೆಲವರಿಗೆ ಎದೆಯೊಳಗಿನ ಥೈಮಸ್ ಗ್ರಂಥಿಯನ್ನು ತೆಗೆದರೆ ಸ್ಟೀರಾಯ್ಡ್ ಕಡಿಮೆ ಸಾಕಾಗುತ್ತದೆಂದು 126 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕೆಲವರು ವರ್ಷಗಳ ನಂತರ ಎಲ್ಲ ಮಾತ್ರೆಯನ್ನೂ ಬಿಟ್ಟು ಚೆನ್ನಾಗಿದ್ದಾರೆ. ಆದರೆ ಕಾಯಿಲೆ ಅಡಗಿದ್ದವರಲ್ಲಿ ಅಜಾಥಯೋಪ್ರಿನ್ ನಿಲ್ಲಿಸಿ ನೋಡಿದ ಜರ್ಮನಿಯ ವೈದ್ಯರ 1985ರ ವರದಿಯಲ್ಲಿ ಸರಿಸುಮಾರು ಅರ್ಧ ಮಂದಿಗೆ ಕೆಲವು ತಿಂಗಳಲ್ಲೇ ಕಾಯಿಲೆ ಮರುಕಳಿಸಿತ್ತು. ನಿಲ್ಲಿಸುವ ದಿನ ಎಲ್ಲರೂ ಚೆನ್ನಾಗಿಯೇ ಇದ್ದವರು. ನಾನು ಯಾವ ಅರ್ಧದವನು ಎಂಬುದನ್ನು ‘ಚೆನ್ನಾಗಿದ್ದೀನಿ’ ಎಂಬ ಅನುಭವ ಹೇಳಲಾರದು.

ವೈದ್ಯರು ಮಾತ್ರೆಯನ್ನು ಚೂರುಚೂರೇ ಇಳಿಸಿ, ಪ್ರತಿ ಇಳಿತದ ನಂತರ ವಾರಗಟ್ಟಲೆ, ತಿಂಗಳುಗಟ್ಟಲೆ ಕಾಯುವುದು ಇದಕ್ಕೇ. ಇವತ್ತು ಇಳಿಸಿದ್ದಕ್ಕೆ ಮೈ ಉತ್ತರ ಕೊಡುವುದು ಮುಂದಿನ ತಿಂಗಳು. ಉತ್ತರ ಬರುವ ಮೊದಲೇ ಎರಡನೆಯ ಹೆಜ್ಜೆ ಇಟ್ಟರೆ ಎಲ್ಲಿ ಜಾರಿತೆಂದು ತಿಳಿಯುವುದಿಲ್ಲ. ಚಿಕ್ಕಮ್ಮ ಎಲ್ಲ ಮೆಟ್ಟಿಲನ್ನೂ ಒಂದೇ ದಿನ ಹಾರಿದ್ದರು.

ವೆಂಟಿಲೇಟರ್‌ನಿಂದ ಹೊರಬಂದ ಮೇಲೆ ಅವರಿಗೆ ರಕ್ತದಿಂದ ಪ್ರತಿಕಾಯ ಸೋಸಿ ತೆಗೆಯುವ ಚಿಕಿತ್ಸೆ ಆಯಿತು. ಸೋಸಿದ ಮೇಲೂ ಕೋಶಗಳು ಮತ್ತೆ ತಯಾರಿಸುತ್ತವೆ, ಅದರ ಗುಣ ಕೆಲವು ವಾರ ಮಾತ್ರ. ಖರ್ಚು ಲಕ್ಷಗಳ ಲೆಕ್ಕದಲ್ಲಿ. ಇಂಥ ಸ್ಥಿತಿ ಬರದಂತೆ ತಡೆಯಬಲ್ಲ ಸ್ಟೀರಾಯ್ಡ್ ಮಾತ್ರೆ ಮೆಡಿಕಲ್ ಸ್ಟೋರಿನ ಅಗ್ಗದ ಮಾತ್ರೆಗಳಲ್ಲೊಂದು. ಸ್ಟೀರಾಯ್ಡನ್ನು ಮತ್ತೆ ಹೆಚ್ಚಿನ ಪ್ರಮಾಣದಿಂದ ಶುರುಮಾಡಬೇಕಾಯಿತು. 10 ಮಿಲಿಗ್ರಾಂಗೆ ಮರಳಿ ಬರಲು ಒಂದೂವರೆ ವರ್ಷ ಹಿಡಿಯಿತು.

ಈಗ ಅವರು ದಿನವೂ ಬೆಳಗ್ಗೆ ಕಾಫಿಗೆ ಮುಂಚೆ ಒಂದು ದೀರ್ಘ ಉಸಿರು ಎಳೆದುಕೊಂಡು, ಬಿಡುತ್ತಾ, ಅದೇ ಉಸಿರಿನಲ್ಲಿ ಗಟ್ಟಿಯಾಗಿ ಎಣಿಸುತ್ತಾರೆ. ಇದು ಆಸ್ಪತ್ರೆಯಲ್ಲಿ ಕಲಿಸಿದ್ದು. ಸೆಕೆಂಡಿಗೆ ಎರಡರಂತೆ ಎಣಿಸಿದರೆ ಆರೋಗ್ಯವಂತರು 50ರ ಸುತ್ತ ಮುಟ್ಟುತ್ತಾರೆ. ದಿನದಿನಕ್ಕೆ ಎಣಿಕೆ ಇಳಿಯುತ್ತಿದ್ದರೆ ಕೆರೆ ಇಳಿಯುತ್ತಿದೆ ಎಂದರ್ಥ. 20 ದಾಟಲಾಗದಿದ್ದರೆ ಫೋನ್ ಮಾಡುತ್ತಾ ಕೂರಬಾರದು, ಆಸ್ಪತ್ರೆಗೆ ಹೊರಡಬೇಕು. ಡಬ್ಬಿಯ ಮುಚ್ಚಳದ ಒಳಗೆ ಕಾಯಿಲೆಯ ಹೆಸರು, ಮೂರೂ ಮಾತ್ರೆಯ ಹೆಸರು, ಕೊಡಬಾರದ ಔಷಧಗಳ ಹೆಸರು ಬರೆದು ಅಂಟಿಸಿದ್ದಾರೆ. ಅದರ ಒಂದು ಪ್ರತಿ ಪರ್ಸಿನಲ್ಲೂ ಇದೆ.

ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ, ಅದರಲ್ಲಿ ಯಾವುದನ್ನಾದರೂ ಬಿಡಬೇಕೆಂದು ಮನಸ್ಸು ಹೇಳುತ್ತಿದ್ದರೆ, ಆ ಮಾತನ್ನು ಬಿಡುವ ಮೊದಲು ನಿಮ್ಮ ಡಾಕ್ಟರ ಮುಂದೆ ಹೇಳಿ. “ಮುಖ ಊದಿದೆ, ಬೇಜಾರಾಗಿದೆ, ಬಿಟ್ಟುಬಿಡಬೇಕು ಅನ್ನಿಸ್ತಿದೆ” ಎಂದು ಇದ್ದದ್ದನ್ನು ಇದ್ದಂತೆಯೇ ಹೇಳಿ. ಈಗಾಗಲೇ ಬಿಟ್ಟಿದ್ದರೆ ಅದನ್ನೂ ಇವತ್ತೇ ಹೇಳಿ, ಚೆನ್ನಾಗಿದ್ದರೂ ಹೇಳಿ.